ಬೆರಳಚ್ಚು ಗುಟ್ಟಲ್ಲ

ಮಾನ್ಯ ಸಂಪಾದಕರೆ,

ಕಳೆದ ಬೇಸಿಗೆ ರಜೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ನಾನು ಮಲಗಿದ್ದಾಗ, ಎಂಟು ವರ್ಷದ ಮೊಮ್ಮಗ ನನ್ನ ಹೆಬ್ಬೆರಳನ್ನು ಮೆಲ್ಲಗೆ ಮೊಬೈಲಿಗೆ ಒತ್ತಿ, ಬೀಗ ತೆರೆದು ಆಟವಾಡುತ್ತಾ ಕುಳಿತಿದ್ದ. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ನಿದ್ದೆಯಲ್ಲಿರುವವನಿಂದಲೂ ಕಿತ್ತುಕೊಳ್ಳಬಹುದಾದ ಕೀಲಿಕೈಯನ್ನು ಇಷ್ಟು ದಿನ ಹೇಗೆ ನಂಬಿದ್ದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ.

ಬೆರಳಚ್ಚಿನ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಸಿಟಿ ಬಸ್ಸಿನಲ್ಲಿ ಪಕ್ಕದವರು ಇಣುಕಿ ನೋಡುವ, ಹುಟ್ಟಿದ ಇಸವಿಯನ್ನೇ ಗುಪ್ತಸಂಖ್ಯೆ ಮಾಡಿಕೊಳ್ಳುವ ನಮ್ಮಂಥವರಿಗೆ ಜೇಬುಗಳ್ಳನ ಎದುರು ಬೆರಳೇ ಮೇಲು. ಅಚ್ಚಿನ ಚಿತ್ರವನ್ನು ಹಾಗೆಯೇ ಇಟ್ಟುಕೊಳ್ಳದೆ, ಅದರ ಗಣಿತರೂಪವನ್ನು ಮಾತ್ರ ಸಾಧನದೊಳಗೇ ಭದ್ರವಾಗಿಡುವ ವ್ಯವಸ್ಥೆ ಒಳ್ಳೆಯ ಫೋನುಗಳಲ್ಲಿದೆ. ಆದರೂ 2013ರಲ್ಲಿ ಐಫೋನ್ 5ಎಸ್ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ಜರ್ಮನಿಯ ಹ್ಯಾಕರುಗಳ ಸಂಘವಾದ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ಗಾಜಿನ ಮೇಲೆ ಉಳಿದ ಅಚ್ಚಿನಿಂದ ನಕಲಿ ಬೆರಳು ತಯಾರಿಸಿ ಅದನ್ನು ತೆರೆದು ತೋರಿಸಿದರು. ಅಷ್ಟು ದೂರ ಹೋಗುವುದೇ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ನಕಲು ಮಾಡಿ, ಬೆರಳಚ್ಚನ್ನೇ ಗುರುತಾಗಿ ಒಪ್ಪಿ ಹಣ ಕೊಡುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ಲಪಟಾಯಿಸಿದ ಪ್ರಕರಣಗಳು ವರದಿಯಾದವು. ಅದು ಫೋನಿನ ಬೀಗದ ವಿಷಯವಲ್ಲ, ನಿಜ. ಆದರೆ ಸೋರಿಹೋದ ಸಂಖ್ಯೆಯನ್ನು ಬದಲಾಯಿಸಬಹುದು, ಸೋರಿಹೋದ ಹೆಬ್ಬೆರಳನ್ನು ಬದಲಾಯಿಸುವುದು ಹೇಗೆ?

ಕಳ್ಳರಿಗಿಂತ ಜಟಿಲವಾದದ್ದು ಕಾನೂನಿನ ಪ್ರಶ್ನೆ. ಬೆರಳಚ್ಚು ಕೊಡುವುದೆಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲೇ ಹೇಳಿದೆ. ಇದೇ ತರ್ಕದ ಮೇಲೆ ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯ 2022ರಲ್ಲಿ, ತಲೆಯೊಳಗಿನ ಪಾಸ್‌ವರ್ಡನ್ನು ಹೇಳುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ, ಆದರೆ ಬೆರಳಚ್ಚನ್ನು ಪಡೆಯಬಹುದು ಎಂದಿತು. ನಮ್ಮ ಕರ್ನಾಟಕ ಹೈಕೋರ್ಟು ಅದಕ್ಕೂ ಮೊದಲೇ, 2021ರ ಮಾರ್ಚಿನಲ್ಲಿ, ವೀರೇಂದ್ರ ಖನ್ನಾ ಪ್ರಕರಣದಲ್ಲಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಎರಡಕ್ಕೂ ಇಲ್ಲವೆಂದಿತ್ತು. ಆದರೆ ಅದೇ ತೀರ್ಪಿನ ಇನ್ನೊಂದು ಮಗ್ಗುಲನ್ನು ಹೇಳುವವರು ಕಡಿಮೆ: ತುರ್ತು ಸಂದರ್ಭಗಳನ್ನು ಬಿಟ್ಟರೆ, ಫೋನ್ ಶೋಧಿಸಲು ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಹೈದರಾಬಾದಿನ ಪೊಲೀಸರು ದಾರಿಹೋಕರನ್ನು ನಿಲ್ಲಿಸಿ, ಅವರ ವಾಟ್ಸ್ಆ್ಯಪಿನಲ್ಲಿ ಗಾಂಜಾ ಎಂಬ ಪದವನ್ನು ಹುಡುಕಿದ್ದನ್ನು ನೆನೆದರೆ, ಈ ಶರತ್ತು ಎಷ್ಟು ಅಗತ್ಯ ಎಂಬುದು ತಿಳಿಯುತ್ತದೆ. ರಸ್ತೆಯಲ್ಲಿ ಸಂಖ್ಯೆ ಹೇಳೆಂದರೆ ಯೋಚಿಸಲು ಒಂದು ಕ್ಷಣವಾದರೂ ಸಿಗುತ್ತದೆ, ಕೈ ಹಿಡಿದು ಬೆರಳು ಒತ್ತಿಸಿಕೊಂಡರೆ ಅದೂ ಇಲ್ಲ.

ಇದಕ್ಕೆ ಉಪಾಯ ಫೋನಿನಲ್ಲೇ ಇದೆ. ಅದನ್ನು ಒಮ್ಮೆ ಆರಿಸಿ ಹೊತ್ತಿಸಿದರೆ, ಸಂಖ್ಯೆ ಒತ್ತುವ ತನಕ ಯಾವ ಬೆರಳಿಗೂ ಅದು ತೆರೆಯುವುದಿಲ್ಲ. ಏಕೆಂದರೆ ಒಳಗಿನ ಮಾಹಿತಿಯನ್ನು ಬಿಡಿಸುವ ಮೂಲ ಕೀಲಿ ಆ ಸಂಖ್ಯೆಯನ್ನೇ ಅವಲಂಬಿಸಿದೆ. ಬೆರಳಚ್ಚನ್ನು ತಕ್ಷಣ ತಡೆಹಿಡಿಯುವ ಲಾಕ್‌ಡೌನ್ ಎಂಬ ಆಯ್ಕೆಯೂ ಹಲವು ಆಂಡ್ರಾಯ್ಡ್ ಫೋನುಗಳಲ್ಲಿದೆ. ನನಗೆ ಇದು ಗೊತ್ತಾದದ್ದು ಫೋನ್ ಕೊಂಡು ಮೂರು ವರ್ಷಗಳ ಮೇಲೆ!

ಆದ್ದರಿಂದ, ಯಾವ ಸಂದರ್ಭದಲ್ಲಿ ಪೊಲೀಸರು ಫೋನ್ ತೆರೆಯಲು ಕೇಳಬಹುದು, ವಾರಂಟ್ ಯಾವಾಗ ಬೇಕು ಎಂಬುದನ್ನು ಹೈಕೋರ್ಟಿನ ತೀರ್ಪಿನ ಆಧಾರದಲ್ಲಿ ಒಂದು ಪುಟದಷ್ಟು ಸರಳ ಕನ್ನಡದಲ್ಲಿ ಬರೆಸಿ, ಪ್ರತಿ ಠಾಣೆಯ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಗೃಹ ಇಲಾಖೆಯನ್ನು ಈ ಪತ್ರದ ಮೂಲಕ ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಅಧ್ಯಾಪಕ, ಮೈಸೂರು