ಉಣ್ಣೆ ಜ್ವರ ಪತ್ತೆಗೆ ನಮ್ಮ ಪಶು ಆಸ್ಪತ್ರೆಗೆ ಒಂದು ಸೂಕ್ಷ್ಮದರ್ಶಕ ಕೊಡಿ

ಮಾನ್ಯ ಪಶುಸಂಗೋಪನಾ ಸಚಿವರಿಗೆ,

ನಮಸ್ಕಾರ ಸರ್. ಕೋಲಾರದ ಕಡೆ ಬೆಳೆಗಿಂತ ಹಾಲನ್ನೇ ನಂಬಿಕೊಂಡ ಮನೆ ನಮ್ಮದು. ದನದ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಉಣ್ಣೆ ಜ್ವರಕ್ಕೆ ವರ್ಷಾ ವರ್ಷ ಊರಿನ ಸೀಮೆಹಸುಗಳು ಸಾಯುತ್ತಿವೆ. ಮೂರು ವರ್ಷದಿಂದ ಅರ್ಜಿ ಕೊಟ್ಟು ಸಾಕಾಯಿತು. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಮ್ಮ ಹಸು ಗೌರಿ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿಯ) ಮಿಶ್ರತಳಿ. ಎರಡನೇ ಸೂಲು, ಕರು ಹಾಕಿ ಇಪ್ಪತ್ತು ದಿನ ಆಗಿತ್ತು. ಹೊತ್ತಿಗೆ ಎಂಟು ಲೀಟರ್ ಕೊಡುತ್ತಿದ್ದಳು. ಒಂದು ಸಂಜೆ ಮೇವು ಬಿಟ್ಟಳು. ಜ್ವರ 106 ಡಿಗ್ರಿ, ಹೆಗಲ ಮುಂದೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಮೂರು ದಿನ ಜ್ವರದ ಇಂಜೆಕ್ಷನ್ ಕೊಟ್ಟರೂ ಇಳಿಯಲಿಲ್ಲ. ಆಮೇಲೆ ರಕ್ತ ತೆಗೆದರು. ನೋಡಲು ಸೂಕ್ಷ್ಮದರ್ಶಕವೇ ಇಲ್ಲ! ರಕ್ತ ಸವರಿದ ಗಾಜಿನ ಸ್ಲೈಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನಾನೇ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದೆ. ನೋಡುವವರು ರಜೆ, ಇಟ್ಟು ಹೋಗಿ ಅಂದರು. ವಾಪಸ್ ಬಂದಾಗ ಗೌರಿಯ ಕಣ್ಣಿನ ಒಳಗೆ ರಕ್ತದ ಬಣ್ಣವೇ ಇರಲಿಲ್ಲ. ಏಳನೇ ದಿನ ಬೆಳಗಿನ ಜಾವ ಹೋದಳು. ಥೈಲೇರಿಯಾ (ಉಣ್ಣೆಯಿಂದ ಬರುವ ಒಂದು ರಕ್ತದ ರೋಗ) ಅನ್ನುವ ವರದಿ ಬಂದದ್ದು ಒಂಬತ್ತನೇ ದಿನ. ಸತ್ತ ಹಸುವಿಗೆ ಆ ಚೀಟಿ ಯಾಕೆ ಸರ್?

ನಮ್ಮ ಡಾಕ್ಟರನ್ನು ನಾನು ದೂರುವುದಿಲ್ಲ. ಬರಿಗೈಯಲ್ಲಿ ಅವರು ತಾನೇ ಏನು ಮಾಡಬೇಕು?

ನಿಮಗೆ ಗೊತ್ತಿಲ್ಲದ್ದೇನಲ್ಲ. ಥೈಲೇರಿಯಾಕ್ಕೆ ಬುಪಾರ್ವಾಕೋನ್ ಔಷಧಿ, 20 ಕೆಜಿ ತೂಕಕ್ಕೆ 1 ಎಂ.ಎಲ್. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುವ ಬೆಬೀಸಿಯಾಕ್ಕೆ ಡಿಮಿನಜೀನ್. ಅನಾಪ್ಲಾಸ್ಮಾಕ್ಕೆ ಟೆಟ್ರಾಸೈಕ್ಲಿನ್. ಈ ಮೂರೂ ರೋಗವನ್ನು ಉಣ್ಣೆಯೇ ತರುತ್ತದೆ, ಮೂರರಲ್ಲೂ ಜ್ವರ ಬರುತ್ತದೆ, ಔಷಧಿ ಮಾತ್ರ ಬೇರೆ ಬೇರೆ. ರಕ್ತ ನೋಡದೆ ಸುಮ್ನೆ ಊಹೆಯ ಮೇಲೆ ಚುಚ್ಚುವುದು ಸರಿನಾ? ಸ್ಲೈಡಿಗೆ ಜೀಮ್ಸಾ ಅನ್ನುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ರೋಗ ಅಂತ ಅವತ್ತೇ ಗೊತ್ತಾಗುತ್ತದೆ. ಒಂದು ಸೂಕ್ಷ್ಮದರ್ಶಕ ಕೊಡಿ. ನೋಡಲು ಒಬ್ಬರನ್ನು ಕೊಡಿ. ಬುಪಾರ್ವಾಕೋನ್ ಆಸ್ಪತ್ರೆಯಲ್ಲೇ ಸಿಗಲಿ. ಅದು ಜಾಸ್ತಿ ದುಡ್ಡಿನ ಔಷಧಿ, ಎಲ್ಲರೂ ಹೊರಗೆ ತರಲಾರರು.

ಥೈಲೇರಿಯಾಕ್ಕೆ ಲಸಿಕೆಯೂ ಇದೆ, ಎರಡು ತಿಂಗಳು ದಾಟಿದ ಕರುಗಳಿಗೆ ಹಾಕುತ್ತಾರೆ. ದ್ರವ ಸಾರಜನಕದಲ್ಲಿ ಇಡಬೇಕಂತೆ. ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಸಾರಜನಕದ ಜಾಡಿ ನಮ್ಮ ಆಸ್ಪತ್ರೆಯಲ್ಲಿ ಇದೆ ಅಲ್ವಾ? ಲಸಿಕೆಯನ್ನೂ ಕಳಿಸಿ.

ಗೌರಿಯ ಕರುವಿಗೆ ಹೋದ ವಾರ ಎರಡು ತಿಂಗಳು ತುಂಬಿತು. ಇವತ್ತು ಬೆಳಿಗ್ಗೆ ಅದರ ಕಿವಿಯಿಂದ ನಾಲ್ಕು ಉಣ್ಣೆ ಕಿತ್ತೆ. ಸೂಕ್ಷ್ಮದರ್ಶಕ ಯಾವತ್ತು ಬರುತ್ತದೆ, ದಿನಾಂಕ ಹೇಳಿ ಸರ್.

ಇಂತಿ,
ಒಬ್ಬ ಹಾಲು ಉತ್ಪಾದಕ