ಕನ್ನಡ ಸಂಘಕ್ಕೆ ವೇಳಾಪಟ್ಟಿಯಲ್ಲಿ ಒಂದು ತಾಸು ಕೊಡಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಹಳಷ್ಟು ಪದವಿ ಕಾಲೇಜುಗಳಲ್ಲಿ ಕನ್ನಡ ಸಂಘಕ್ಕೆ ಎಚ್ಚರವಾಗುವುದು ಅಕ್ಟೋಬರ್ ಕೊನೆಯ ವಾರ. ಶಾಮಿಯಾನ, ಮೈಕು, ಅತಿಥಿಗೆ ಶಾಲು, ಹಾರ, ನೆನಪಿನ ಕಾಣಿಕೆ, ಕೊನೆಗೆ ಸಿನಿಮಾ ಹಾಡಿಗೆ ಕುಣಿತ. ನವೆಂಬರ್ 2ಕ್ಕೆ ಮತ್ತೆ ನಿದ್ದೆ. ಕೇಳಿದರೆ, ‘ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲರಿ’ ಎಂಬ ಉತ್ತರ ಸಿದ್ಧವಿರುತ್ತದೆ. ಆಸಕ್ತಿಗಿಂತ ಮೊದಲು ನೋಡಬೇಕಾದದ್ದು ಬಸ್ಸಿನ ವೇಳೆ.

ಸಂಘದ ಸಭೆ ಇಡುವುದು ಸಾಮಾನ್ಯವಾಗಿ ಶನಿವಾರ, ತರಗತಿಗಳೆಲ್ಲ ಮುಗಿದ ಮೇಲೆ. ಜೇವರ್ಗಿ, ಆಳಂದ, ಚಿಂಚೋಳಿ, ಅಫಜಲಪುರ ಕಡೆಯ ಹಳ್ಳಿಗಳಿಂದ ಪಾಸಿನ ಮೇಲೆ ಓಡಾಡುವವರು ಆ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ ಹಾಕುತ್ತಿರುತ್ತಾರೆ. ಹಾಡು, ಗಾದೆ, ಒಗಟು ತುಂಬಿದ ಮನೆಗಳಿಂದ ಬಂದವರು ಅವರೇ. ಸಭೆಗೆ ಉಳಿಯುವವರು ಊರೊಳಗಿನ ಐದಾರು ಮಂದಿ. ಅದಕ್ಕಾಗಿ ವಾರದ ನಡುವೆ, ಬುಧವಾರವೋ ಗುರುವಾರವೋ, ಮಧ್ಯಾಹ್ನದ ಊಟಕ್ಕೆ ಮೊದಲಿನ ಒಂದು ತಾಸು ಸಂಘಕ್ಕೆ ಬೇಕು. ವೇಳಾಪಟ್ಟಿ ಅಂಟಿಸಿದ ಮೇಲೆ ಕೇಳಿದರೆ ಯಾವ ವಿಭಾಗವೂ ಬಿಟ್ಟುಕೊಡುವುದಿಲ್ಲ. ಅದು ತಯಾರಾಗುವಾಗಲೇ ಕೇಳಬೇಕು.

ಪದಾಧಿಕಾರಿಗಳ ಚುನಾವಣೆ ಬೇಡ. ಚುನಾವಣೆ ಅಂದಕೂಡಲೇ ಊರು, ಜಾತಿ, ಹಾಸ್ಟೆಲ್ ಎಂದು ಗುಂಪುಗಳಾಗುತ್ತವೆ, ಸೋತವರು ಮತ್ತೆ ಆ ಕಡೆ ಸುಳಿಯುವುದಿಲ್ಲ. ಮೊದಲ ಆರು ವಾರ ಯಾರು ಕೆಲಸ ಮಾಡಿದರೋ ಅವರಲ್ಲಿ ಎರಡನೇ ವರ್ಷದವರೊಬ್ಬರು ಕಾರ್ಯದರ್ಶಿ, ಮೊದಲ ವರ್ಷದವರೊಬ್ಬರು ಜೊತೆಗಾರರು. ಕೊನೆಯ ವರ್ಷದವರ ಕೈಗೆ ಕೊಟ್ಟರೆ ಅವರೊಂದಿಗೆ ಸಂಘವೂ ಪಾಸಾಗಿ ಹೊರಟುಹೋಗುತ್ತದೆ. ನಡಾವಳಿ ಪುಸ್ತಕ ಗ್ರಂಥಾಲಯದಲ್ಲಿರಲಿ. ಅಧ್ಯಾಪಕರ ಬೀರುವಿನಲ್ಲಿಟ್ಟರೆ, ವರ್ಗವಾದಾಗ ಕೀಲಿಕೈ ಯಾರ ಹತ್ತಿರ ಹೋಯಿತೋ ಗೊತ್ತಾಗುವುದಿಲ್ಲ.

ಆ ಒಂದು ತಾಸಿನಲ್ಲಿ ಮಾಡುವುದೇನು? ಭಾಷಣವಂತೂ ಬೇಡ. ನಮ್ಮ ತರಗತಿಗಳಲ್ಲಿ ಒಂದೇ ಬೆಂಚಿನ ಮೇಲೆ ನಾಲ್ಕು ಮನೆಮಾತು ಕೂತಿರುತ್ತವೆ. ಒಂದು ಗಾದೆಯಿಂದ ಶುರು ಮಾಡಬಹುದು. ‘ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ’ ಎಂದು ಹಲಗೆಯ ಮೇಲೆ ಬರೆಯಿರಿ. ಉರ್ದು ಮನೆಯ ಹುಡುಗಿ ‘ನಾಚ್ ನ ಜಾನೇ, ಆಂಗನ್ ಟೇಢಾ’ ಅನ್ನುತ್ತಾಳೆ. ಭಾಲ್ಕಿ, ಔರಾದ್ ಕಡೆಯವರ ಮರಾಠಿಯಲ್ಲಿ ‘ನಾಚತಾ ಯೇಈನಾ, ಅಂಗಣ ವಾಕಡೇ’. ಎರಡರಲ್ಲೂ ಡೊಂಕಾದದ್ದು ಅಂಗಳ. ಗುರುಮಠಕಲ್, ಸೇಡಂ ಗಡಿಯ ತೆಲುಗಿನವರು ‘ಆಡಲೇಕ ಮದ್ದೆಲ ಓಡು’ ಎಂದಾಗ ತಪ್ಪು ನೆಲ ಬಿಟ್ಟು ಮದ್ದಳೆಯ ಮೇಲೆ ಬೀಳುತ್ತದೆ. ಲಂಬಾಣಿ ತಾಂಡಾದ ವಿದ್ಯಾರ್ಥಿ ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿ ಕೇಳಲಿ. ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆಯಬಹುದು. ಉರ್ದುವಿನ ಜ಼, ಫ಼ ಧ್ವನಿಗಳಿಗೆ ಅಕ್ಷರದ ಕೆಳಗೆ ಚುಕ್ಕಿ ಸಾಕು. ವಾರಕ್ಕೆ ಮೂರೇ ಗಾದೆ. ಹತ್ತು ಹಾಕಿದರೆ ಮಕ್ಕಳು ಮೊಬೈಲಿನಲ್ಲಿ ಹುಡುಕಿ ತರುತ್ತಾರೆ, ಮನೆಯಲ್ಲಿ ಕೇಳುವುದಿಲ್ಲ.

ಎರಡನೆಯ ಕೆಲಸ ಹಾಡಿನ ದಾಖಲೆ. ಬೀಸುವ ಪದ, ರಾಶಿ ಮಾಡುವಾಗಿನ ಹಂತಿ ಪದ, ಮೊಹರಂ ಪದ, ತತ್ವಪದ ಹಾಡುವವರು ಇನ್ನೂ ಇದ್ದಾರೆ. ತತ್ವಪದಕಾರರಲ್ಲಿ ಕಡಕೋಳ ಮಡಿವಾಳಪ್ಪ ಗುರು, ಚನ್ನೂರು ಜಲಾಲಸಾಹೇಬ ಶಿಷ್ಯ ಆದ ನೆಲವಿದು. ಸಾಮರಸ್ಯದ ಬಗ್ಗೆ ಬೇರೆ ಉಪನ್ಯಾಸ ಏರ್ಪಡಿಸಬೇಕಾಗಿಲ್ಲ. ಹಾಡುವವರಿಗೆ ಮೊದಲು ಯಾತಕ್ಕೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಬಂದ್ ಮಾಡಿ, ಬಾಯಿಯಿಂದ ಒಂದು ಮೊಳ ದೂರ ಮಡಿಚಿದ ಟವೆಲ್ ಮೇಲೆ ಇಡಬೇಕು. ಬರೀ ನೆಲದ ಮೇಲಿಟ್ಟರೆ ಬೀಸುಕಲ್ಲಿನ ಗುಡುಗು ಹಾಡನ್ನೇ ನುಂಗುತ್ತದೆ. ಹಾಗಂತ ಕಲ್ಲು ನಿಲ್ಲಿಸಿದರೆ, ಕೈ ಆಡದೆ ಬಾಯಿಗೆ ಸಾಲು ಬರುವುದಿಲ್ಲ ಅನ್ನುವ ಅಜ್ಜಿಯರಿದ್ದಾರೆ. ಆದ್ದರಿಂದ ಎರಡು ಸಲ ಬೇಕು: ಬೀಸುತ್ತಾ ಒಮ್ಮೆ, ಸಾಲುಗಳನ್ನು ಬಿಡಿಬಿಡಿಯಾಗಿ ಹೇಳಿಸುತ್ತಾ ಇನ್ನೊಮ್ಮೆ. ದಿನಾಂಕ, ಊರು, ಹಾಡುವವರ ಹೆಸರು ಶುರುವಿನಲ್ಲೇ ಬಾಯಿಂದ ಹೇಳಿಬಿಟ್ಟರೆ ಫೈಲಿನ ಹೆಸರು ಬದಲಾದರೂ ಗುರುತು ತಪ್ಪುವುದಿಲ್ಲ. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇನ್ನೊಂದು ಇರಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು.

ಕೆಲಸ ಕೆಡುವುದು ಬರೆದುಕೊಳ್ಳುವಾಗ. ವಿದ್ಯಾರ್ಥಿಗಳು ಹಾಡನ್ನು ‘ತಿದ್ದಿ’ ಬರೆಯುತ್ತಾರೆ. ‘ಬ್ಯಾಡ’ ಎಂಬುದು ‘ಬೇಡ’ ಆಗುತ್ತದೆ, ‘ಮನಿಯಾಗ’ ಎಂಬುದು ‘ಮನೆಯಲ್ಲಿ’ ಆಗುತ್ತದೆ. ಪ್ರಾಸ ತಪ್ಪಿ, ಹಾಡಲು ಹೋದರೆ ಸಾಲು ಲಯಕ್ಕೆ ಕೂಡುವುದಿಲ್ಲ. ಕೇಳಿಸಿದ್ದನ್ನೇ ಬರೆಯಿರಿ, ಅರ್ಥ ಪಕ್ಕದಲ್ಲಿ ಬೇರೆ ಹಾಕಿ ಎಂದು ಪ್ರತಿ ಸಲ ಹೇಳಬೇಕು. ತನ್ನ ಮನೆಯ ಮಾತು ತಪ್ಪು ಎಂದು ಶಾಲೆಯಲ್ಲೇ ಕಲಿತು ಬಂದ ಹುಡುಗರಿಗೆ ಇದು ಒಂದೇ ದಿನದಲ್ಲಿ ಇಳಿಯುವುದಿಲ್ಲ.

ಸಂಗ್ರಹಿಸಿದ್ದು ಗೋಡೆಪತ್ರಿಕೆಗೆ ಬರಲಿ. ಅಂಗಡಿಯಲ್ಲಿ ಸಿಗುವ 22×28 ಇಂಚಿನ ಚಾರ್ಟನ್ನು ಉದ್ದಕ್ಕೆ ನಿಲ್ಲಿಸಿದರೆ ನಾಲ್ಕು ಎ4 ಹಾಳೆ ಸರಿಯಾಗಿ ಕೂಡುತ್ತವೆ, ತಲೆಬರಹಕ್ಕೆ ನಾಲ್ಕು ಇಂಚು ಉಳಿಯುತ್ತದೆ. ಅಕ್ಷರ 18 ಪಾಯಿಂಟಿಗಿಂತ ಸಣ್ಣದಾದರೆ ನಿಂತು ಓದಲಾಗದು. ಟೈಪ್ ಮಾಡುವುದು ಯೂನಿಕೋಡಿನಲ್ಲೇ ಇರಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಪತ್ರಿಕೆ ಹಚ್ಚುವ ಜಾಗ ಕುಡಿಯುವ ನೀರಿನ ಹತ್ತಿರ. ಪ್ರಾಚಾರ್ಯರ ಕೋಣೆಯ ಎದುರು ಹಚ್ಚಿದರೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು, ಇಳಿಸಿದ್ದನ್ನು ಸುತ್ತಿ ಎಸೆಯದೆ ಚಪ್ಪಟೆಯಾಗಿ ಇಡಬೇಕು.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಒಂದು ವರ್ಷದ ಶಾಲು, ಕಾಣಿಕೆ ಬಿಟ್ಟರೆ ಚಾರ್ಟು, ಪ್ರಿಂಟು, ಪೆನ್‌ಡ್ರೈವ್ ಎಲ್ಲಕ್ಕೂ ಸಾಕಾಗುತ್ತದೆ. ಉಳಿದರೆ ನವೆಂಬರ್‌ನಿಂದ ಜನವರಿಯೊಳಗೆ, ಬಿಸಿಲು ಏರುವ ಮುಂಚೆ, ಕಾಗಿಣಾ ದಂಡೆಯ ಮಳಖೇಡಕ್ಕೋ ಅಶೋಕನ ಶಾಸನ ಸಿಕ್ಕ ಭೀಮೆಯ ದಂಡೆಯ ಸನ್ನತಿಗೋ ಒಂದು ದಿನ ಹೋಗಿಬರಬಹುದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಇಷ್ಟು ಹತ್ತಿರ ಇಟ್ಟುಕೊಂಡು ಮೈಸೂರು, ಊಟಿಗೇ ಪ್ರವಾಸ ಹಾಕುವುದು ನಮಗಂತೂ ತಿಳಿಯದ ಸಂಗತಿ.

ಪ್ರಾಚಾರ್ಯರಲ್ಲಿ ಇನ್ನೊಂದು ಕೋರಿಕೆ: ಆ ತಾಸಿಗೆ ಹಾಜರಿ ಕಡ್ಡಾಯ ಮಾಡಬೇಡಿ. ಮಾಡಿದರೆ ಅರವತ್ತು ಜನ ಬಂದು ಹಿಂದಿನ ಬೆಂಚಿನಲ್ಲಿ ಮೊಬೈಲ್ ಒತ್ತುತ್ತಾರೆ. ಮೊದಲ ತಿಂಗಳು ಹನ್ನೆರಡು ಮಂದಿ ಬಂದರೂ ನಾಲ್ಕು ಗೋಡೆಪತ್ರಿಕೆಗೆ ಸಾಕಾಗುವಷ್ಟು ಸರಕು ಸಿಗುತ್ತದೆ.

ಇತಿ,
ಕಾಲೇಜು ಕನ್ನಡ ಸಂಘಗಳ ಹೊಣೆ ಹೊತ್ತ ಕೆಲವು ಅಧ್ಯಾಪಕರು,
ಕಲಬುರಗಿ