ಎಂಎಕ್ಸ್-5, ಜಿಆರ್86 ಓಡಿಸಿ ನೋಡುವವರಿಗೆ

ಗೆಳೆಯರೇ, ಮಜ್ದಾ ಎಂಎಕ್ಸ್-5, ಟೊಯೊಟಾ ಜಿಆರ್86 ಈ ಎರಡು ಸ್ಪೋರ್ಟ್ಸ್ ಕಾರುಗಳಲ್ಲಿ ಯಾವುದು ಕೊಳ್ಳಲಿ ಅಂತ ಕೇಳುತ್ತಿರುವವರು ಎರಡನ್ನೂ ತಿರುವುಗಳಿರುವ ರಸ್ತೆಯಲ್ಲೇ ಓಡಿಸಿ ನೋಡಿ. ನೇರ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ಮ್ಯಾನುಯಲ್ ಗೇರಿನದನ್ನೇ ಕೇಳಿ.

ಎರಡರಲ್ಲೂ ಎಂಜಿನ್ ಶಕ್ತಿ ಹಿಂದಿನ ಚಕ್ರಗಳಿಗೇ ಹೋಗುತ್ತದೆ. ಆದರೆ ಮಜ್ದಾ ಸುಮಾರು 200 ಕೆಜಿ ಹಗುರ. ತಿರುವಿನಲ್ಲಿ ಅದರ ಮೈ ವಾಲುತ್ತದೆ, ಗಾಬರಿಯಾಗಬೇಡಿ. ಯಾವ ಚಕ್ರದ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ನಿಮಗೆ ಹೇಳುವುದೇ ಆ ವಾಲಾಟ. ಮಣಿಕಟ್ಟು ತುಸು ಆಡಿಸಿದರೆ ಸಾಕು, ಗೇರ್ ಬೀಳುತ್ತದೆ. ನನಗಂತೂ ಅದೇ ಪ್ರಾಣ!

ಜಿಆರ್86ನ 2.4 ಲೀಟರ್ ಬಾಕ್ಸರ್ ಎಂಜಿನ್ (ಸಿಲಿಂಡರ್‌ಗಳು ಅಡ್ಡ ಮಲಗಿರುವಂಥದ್ದು) ತಗ್ಗಿನಲ್ಲಿ ಕೂತಿದೆ. ಹಾಗಾಗಿ ಕಾರು ನೆಲಕ್ಕೆ ಅಂಟಿಕೊಂಡಂತೆ ತಿರುಗುತ್ತದೆ, ತಿರುವು ಮುಗಿದಾಗ ಎಳೆತವೂ ಜಾಸ್ತಿ.

ಎತ್ತರದವರು ಮಜ್ದಾದಲ್ಲಿ ಕೂತು ನೋಡದೆ ತೀರ್ಮಾನಿಸಬೇಡಿ. ಓಡಿಸಿದವರು ಇಲ್ಲಿ ಬರೆಯಿರಿ.